ಓದುಗರ ಪ್ರಶ್ನೆ: ಪ್ರಶಸ್ತಿ ಸಮಾರಂಭಕ್ಕೆ ಬಡಗಿಗೂ ಕರೆ ಬಂದಾಗ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಬಡಗಿ. ಬೆಂಗಳೂರಿನ ವಾಸ್ತುಶಿಲ್ಪಿಯೊಬ್ಬರು ನಮ್ಮೂರಿನ ಹತ್ತಿರ ಕಟ್ಟಿದ ಮನೆಗೆ, ಬಿಚ್ಚಿದ ಹಳೆಯ ಮನೆಯೊಂದರ ಕಂಬ, ತೊಲೆ, ಜಂತೆಗಳನ್ನೇ ಬಳಸಿ ನಾನೂ ನನ್ನ ತಮ್ಮನೂ ಮರಗೆಲಸ ಮಾಡಿಕೊಟ್ಟೆವು. ಆ ಮನೆ ಈಗ ಪ್ರಶಸ್ತಿಯೊಂದರ ಕೊನೆಯ ಸುತ್ತಿಗೆ ಬಂದಿದೆಯಂತೆ. ಹೆಸರಾಂತ ವಾಸ್ತುಶಿಲ್ಪಿಗಳೂ ಒಳಾಂಗಣ ವಿನ್ಯಾಸಕಾರರೂ ಸೇರುವ ಸಮಾರಂಭಕ್ಕೆ ನಾವಿಬ್ಬರೂ ಬರಬೇಕೆಂದು ಅವರು ಕರೆದಿದ್ದಾರೆ. ಆಮಂತ್ರಣ ಪತ್ರಿಕೆಯಲ್ಲಿ ಉಡುಪು ‘ಫಾರ್ಮಲ್’ ಇರಬೇಕೆಂದಿದೆ. ಅಷ್ಟು ದೊಡ್ಡ ಹೋಟೆಲಿನಲ್ಲಿ ನಮ್ಮಂಥವರಿಗೆ ಏನು ಕೆಲಸ?
— ಓದುಗರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಹೋಗಿ, ತಮ್ಮನನ್ನೂ ಕರೆದುಕೊಂಡು ಹೋಗಿ. ಆ ಮನೆಯ ತೊಲೆ, ಕಂಬಗಳನ್ನು ಕೂಡಿಸಿದವರು ನೀವಾದ್ದರಿಂದ ಪ್ರಶಸ್ತಿ ಬಂದರೆ ಅದರಲ್ಲಿ ನಿಮಗೂ ಪಾಲಿದೆ. ಇದು ನಿಮ್ಮ ಸಮಾಧಾನಕ್ಕೆಂದು ಹೇಳುವ ಮಾತಲ್ಲ, ಜಗತ್ತಿನ ಬಹು ದೊಡ್ಡ ವಾಸ್ತುಶಿಲ್ಪ ಪ್ರಶಸ್ತಿಗಳಲ್ಲೊಂದು ಇದನ್ನು ನಿಯಮವಾಗಿಯೇ ಪಾಲಿಸಿಕೊಂಡು ಬಂದಿದೆ. 1977ರಲ್ಲಿ ಸ್ಥಾಪನೆಯಾದ, ಮೂರು ವರ್ಷಕ್ಕೊಮ್ಮೆ ನೀಡಲಾಗುವ ಆಗಾ ಖಾನ್ ಪ್ರಶಸ್ತಿಯ 10 ಲಕ್ಷ ಡಾಲರ್ ಮೊತ್ತವನ್ನು ವಿನ್ಯಾಸ ಮಾಡಿದವರ ಜೊತೆಗೆ ಕಟ್ಟಿಸಿದವರಿಗೂ, ಮೇಸ್ತ್ರಿಗಳಿಗೂ, ಕುಶಲಕರ್ಮಿಗಳಿಗೂ ಹಂಚಬಹುದು. 1983ರ ಸಮಾರಂಭ ನಡೆದದ್ದು ಇಸ್ತಾಂಬುಲಿನ ಟೊಪ್‌ಕಾಪಿ ಅರಮನೆಯಲ್ಲಿ. ಆ ಸಲ ಗೌರವ ಪಡೆದ ಕಟ್ಟಡಗಳಲ್ಲಿ ಮಾಲಿ ದೇಶದ ನಿಯೋನೊ ಎಂಬ ಊರಿನ ಮಣ್ಣಿನ ಮಸೀದಿಯೂ ಒಂದು; ಅದನ್ನು ರೂಪಿಸಿ ಕಟ್ಟಿದವರು ಲಸ್ಸಿನೆ ಮಿಂಟಾ ಎಂಬ ಮೇಸ್ತ್ರಿ. ಮುಂದಿನ ಸುತ್ತಿನಲ್ಲಿ, 1986ರಲ್ಲಿ, ನೈಜರ್ ದೇಶದ ಯಾಮಾ ಮಸೀದಿಗೆ ಪ್ರಶಸ್ತಿ ಬಂದಾಗಲೂ ಗೌರವ ಸಂದದ್ದು ಫಾಲ್ಕೆ ಬಾರ್ಮೂ ಎಂಬ ಮೇಸ್ತ್ರಿಗೆ. ಅರಮನೆಯ ಅಂಗಳದಲ್ಲಿ ನಡೆಯುವ ಸಮಾರಂಭಕ್ಕೆ ಮಣ್ಣಿನ ಕೆಲಸದವರು ಹೊರಗಿನವರಾಗಲಿಲ್ಲ. ಬೆಂಗಳೂರಿನ ಹೋಟೆಲಿಗೆ ನೀವೂ ಹೊರಗಿನವರಾಗಬೇಕಿಲ್ಲ.

ಹೋಗುವ ಮೊದಲು ಒಂದು ಕೆಲಸ ಮಾಡಿ. ಪ್ರಶಸ್ತಿಗೆ ಸಲ್ಲಿಸಿದ ಅರ್ಜಿಯಲ್ಲಿ ಮರಗೆಲಸ ಮಾಡಿದವರೆಂದು ನಿಮ್ಮಿಬ್ಬರ ಹೆಸರು ಬರೆದಿದ್ದಾರೆಯೇ ಎಂದು ವಾಸ್ತುಶಿಲ್ಪಿಯನ್ನು ನೇರವಾಗಿ ಕೇಳಿ. ಇದನ್ನು ಕೇಳಲು ಸಂಕೋಚ ಬೇಡ. ಹೆಸರು ಒಮ್ಮೆ ಬಿಟ್ಟುಹೋದರೆ ಮತ್ತೆ ಸೇರಿಸುವುದು ಎಷ್ಟು ಕಷ್ಟವೆಂಬುದಕ್ಕೆ, ವಾಸ್ತುಶಿಲ್ಪದ ನೊಬೆಲ್ ಎಂದೇ ಕರೆಯುವ ಪ್ರಿಟ್ಜ್‌ಕರ್ ಪ್ರಶಸ್ತಿಯ ಇತಿಹಾಸದಲ್ಲೇ ಉದಾಹರಣೆಯಿದೆ. 1991ರಲ್ಲಿ ಅದು ಅಮೆರಿಕದ ರಾಬರ್ಟ್ ವೆಂಚೂರಿ ಒಬ್ಬರಿಗೇ ಸಂದಿತು. ದಶಕಗಳ ಕಾಲ ಅವರ ಜೊತೆಯಲ್ಲೇ ಕೆಲಸ ಮಾಡಿದ, ಅವರ ಪತ್ನಿಯೂ ಆದ ಡೆನಿಸ್ ಸ್ಕಾಟ್ ಬ್ರೌನ್ ಅವರ ಹೆಸರು ಅದರಲ್ಲಿರಲಿಲ್ಲ. 2013ರಲ್ಲಿ ಸಾವಿರಾರು ಜನ ಸಹಿ ಹಾಕಿ ಮನವಿ ಸಲ್ಲಿಸಿದರೂ, ಹಿಂದಿನ ತೀರ್ಪುಗಾರರ ನಿರ್ಣಯವನ್ನು ಮತ್ತೆ ತೆರೆಯಲಾಗದೆಂಬ ಉತ್ತರ ಬಂತು. ನಿಮ್ಮನ್ನು ಕರೆಯುವಷ್ಟು ದೊಡ್ಡ ಮನಸ್ಸಿರುವ ವಾಸ್ತುಶಿಲ್ಪಿ ಹೆಸರು ಬರೆದೇ ಇರುತ್ತಾರೆಂದು ನಂಬುತ್ತೇನೆ. ಮರೆತಿದ್ದರೆ ವೇದಿಕೆಯ ಮೇಲಾದರೂ ಹೇಳಲು ಅವರಿಗೆ ಅವಕಾಶವಿರುತ್ತದೆ.

ಉಡುಪಿನ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಅಂಗಿ, ಹೆಗಲ ಮೇಲೊಂದು ಶಲ್ಯ ನಮ್ಮ ನಾಡಿನ ಯಾವ ಸಭೆಗೂ ಸಲ್ಲುವ ಉಡುಪು. ಬಾಗಿಲಲ್ಲಿ ಹೆಸರು ನೋಂದಾಯಿಸಿ, ಕೊರಳಿಗೆ ಹಾಕಿಕೊಳ್ಳಲು ಚೀಟಿ ಕೊಡುತ್ತಾರೆ. ಟೈಲ್ಸ್, ಪ್ಲೈವುಡ್, ದೀಪಗಳ ಕಂಪನಿಗಳ ಮಳಿಗೆಗಳು ಸಾಮಾನ್ಯವಾಗಿ ಹೊರಗಿನ ಪಡಸಾಲೆಯಲ್ಲಿರುತ್ತವೆ, ಏಕೆಂದರೆ ಖರ್ಚಿನ ದೊಡ್ಡ ಪಾಲನ್ನು ಅವರೇ ಹೊರುವುದು ರೂಢಿ. ಕಾರ್ಯಕ್ರಮ ತಡವಾಗಿ ಮುಗಿಯುವುದೇ ಹೆಚ್ಚು. ರಾತ್ರಿ ಬಸ್ಸನ್ನು ನೆಚ್ಚಿಕೊಳ್ಳದೆ ಉಳಿದುಕೊಳ್ಳುವ ವ್ಯವಸ್ಥೆಯನ್ನು ಮೊದಲೇ ಕೇಳಿಕೊಳ್ಳಿ.

ಜೇಬಿನಲ್ಲಿ ಒಂದು ಸಣ್ಣ ಮಾದರಿ ಇಟ್ಟುಕೊಂಡು ಹೋಗಿ ಎಂಬುದು ನನ್ನ ಆಸೆ. ಮೊಳೆ ಹೊಡೆಯದೆ ಬರೀ ಬೆಣೆಯಿಂದ ಬಿಗಿದ ಕೂಡುಗೆಯನ್ನು ಅಂಗೈಯಗಲದ ಎರಡು ತುಂಡು ಹಲಸಿನ ಮರದಲ್ಲಿ ಮಾಡಿ, ಬಿಡಿಸಿ ಮತ್ತೆ ಕೂಡಿಸುವಂತಿರಲಿ. ಊಟದ ಹೊತ್ತಿನಲ್ಲಿ ಅದನ್ನು ಮೇಜಿನ ಮೇಲಿಟ್ಟರೆ ಸಾಕು, ಪರದೆಯ ಮೇಲೆ ಕ್ಷಣಕ್ಕೊಂದು ಚಿತ್ರ ನೋಡಿ ದಣಿದ ವಿನ್ಯಾಸಕಾರರು ನಿಮ್ಮ ಸುತ್ತ ಸೇರುತ್ತಾರೆ. ನಿಮ್ಮ ಹೆಸರು, ಊರು, ಫೋನ್ ಸಂಖ್ಯೆ ಬರೆದ ಚೀಟಿಗಳನ್ನೂ ಇಟ್ಟುಕೊಂಡಿರಿ. ಹಳೆಯ ಮರವನ್ನು ಹಾಳು ಮಾಡದೆ ಬಿಚ್ಚಿ ಮರುಬಳಸಬಲ್ಲ ಬಡಗಿಗಳಿಗಾಗಿ ಹುಡುಕುತ್ತಿರುವವರು ಆ ಸಭೆಯಲ್ಲಿ ಇದ್ದೇ ಇರುತ್ತಾರೆ.

ಪ್ರಶ್ನೆ: ಒಳಾಂಗಣ ವಿನ್ಯಾಸ ಕಲಿತು ಸ್ವಂತ ಕೆಲಸ ಆರಂಭಿಸಿದ್ದೇನೆ. ನಾನು ಅರ್ಜಿಯನ್ನೇ ಹಾಕದ ಪ್ರಶಸ್ತಿಗೆ ಆಯ್ಕೆಯಾಗಿದ್ದೇನೆಂದು ಇಮೇಲ್ ಬಂದಿದೆ. ಸಮಾರಂಭಕ್ಕೆ ಬಂದು ಸ್ವೀಕರಿಸಲು ಶುಲ್ಕ ಕಟ್ಟಬೇಕಂತೆ. ಹೋಗಲೇ?
— ಓದುಗರು, ದಾವಣಗೆರೆ

ಉತ್ತರ: ಬೇಡ. ಅರ್ಜಿ ಪರಿಶೀಲನೆಗೆ ಶುಲ್ಕ ಪಡೆಯುವ ಪ್ರಶಸ್ತಿಗಳೆಲ್ಲ ಕೆಟ್ಟವೆಂದು ಹೇಳಲಾರೆ. ಆದರೆ ಗೆದ್ದ ಮೇಲೆ ಗೆಲುವಿಗೆ ಬೆಲೆ ಕೇಳುವುದು ವ್ಯಾಪಾರ. ತೀರ್ಪುಗಾರರು ಯಾರು, ನಿಮ್ಮ ಕೆಲಸವನ್ನು ಅವರಲ್ಲಿ ಒಬ್ಬರಾದರೂ ಬಂದು ನೋಡಿದ್ದಾರೆಯೇ ಎಂದು ಬರೆದು ಕೇಳಿ ನೋಡಿ. ಆಗಾ ಖಾನ್ ಪ್ರಶಸ್ತಿಯಲ್ಲಿ ಕೊನೆಯ ಸುತ್ತಿನ ಪ್ರತಿ ಕಟ್ಟಡವನ್ನೂ ತಜ್ಞರು ಸ್ಥಳಕ್ಕೆ ಹೋಗಿ ಪರೀಕ್ಷಿಸುತ್ತಾರೆ, ಅಲ್ಲಿ ವಾಸಿಸುವವರನ್ನು ಮಾತನಾಡಿಸುತ್ತಾರೆ. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ಇಂದೋರಿನಲ್ಲಿ ರೂಪಿಸಿದ ‘ಅರಣ್ಯ’ ಬಡಾವಣೆಗೆ 1995ರಲ್ಲಿ ಆ ಪ್ರಶಸ್ತಿ ಬಂದದ್ದು ಇಂಥ ಪರೀಕ್ಷೆಯನ್ನು ದಾಟಿಯೇ. ಬಡ ಕುಟುಂಬಗಳು ತಮ್ಮ ಕೈಲಾದಂತೆ ಕೋಣೆಗಳನ್ನು ಸೇರಿಸುತ್ತ ಬೆಳೆಸಿಕೊಂಡ ಆ ಮನೆಗಳ ಗುಣವನ್ನು ಹೊಳಪಿನ ಫೋಟೊ ನೋಡಿ ಅಳೆಯಲು ಸಾಧ್ಯವಿರಲಿಲ್ಲ. 2018ರ ಮೇ ತಿಂಗಳಲ್ಲಿ ಟೊರಾಂಟೊದಲ್ಲಿ ಪ್ರಿಟ್ಜ್‌ಕರ್ ಪದಕ ಸ್ವೀಕರಿಸಿದಾಗ, ಆ ಗೌರವ ಪಡೆದ ಮೊದಲ ಭಾರತೀಯರಾದ ದೋಶಿಯವರಿಗೆ 90 ವರ್ಷ.

ನೀವು ಕಟ್ಟಬೇಕೆಂದಿದ್ದ ಹಣದಲ್ಲಿ ಒಂದು ಪಾಲು ತೆಗೆದು ಬೆಂಗಳೂರಿಗೆ ಬನ್ನಿ. ಬನ್ನೇರುಘಟ್ಟ ರಸ್ತೆಯಲ್ಲಿರುವ, ದೋಶಿಯವರದೇ ವಿನ್ಯಾಸದ ಐಐಎಂ ಆವರಣವನ್ನು ಮೊದಲೇ ಅನುಮತಿ ಪಡೆದು ನೋಡಿ. ಒರಟು ಬಂಡೆಗಲ್ಲಿನ ಗೋಡೆಗಳ ನಡುವಿನ ಉದ್ದನೆಯ ಮೊಗಸಾಲೆಗಳಲ್ಲಿ, ಮೇಲಿನ ತೊಲೆಗಳ ಸಂದಿನಿಂದ ಬಿಸಿಲು ಹೇಗೆ ಇಳಿಯುತ್ತದೆ, ಬಳ್ಳಿಗಳು ಅದನ್ನು ಎಲ್ಲಿ ತಡೆಯುತ್ತವೆ ಎಂಬುದನ್ನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಗಮನಿಸಿ. ಸ್ಕೆಚ್ ಪುಸ್ತಕ, ಅಳತೆಪಟ್ಟಿ ಎರಡೂ ಜೊತೆಗಿರಲಿ.