ಹೆಂಚಿನ ಮಾಡಿನ ಕೆಳಗೆ ಎಷ್ಟು ಘನ ಅಡಿ?

ಪ್ರಶ್ನೆ: ನಮ್ಮ ಹಳೆಯ ಹೆಂಚಿನ ಮನೆಯ ಮಾಡು ಎರಡು ಕಡೆಗೆ ಮಾತ್ರ ಇಳಿದಿದೆ. ಅಟ್ಟದ ಅಗಲ 24 ಅಡಿ, ಉದ್ದ 30 ಅಡಿ. ಗೋಡೆಯ ತಲೆಯಿಂದ ಮಾಡಿನ ನೆತ್ತಿಯವರೆಗೆ ಪಕಾಸಿಯ ಗುಂಟ ಅಳೆದರೆ ಎರಡೂ ಕಡೆ 15 ಅಡಿ. ಅಡಿಕೆ ಚೀಲ ಇಡಲು ಎಷ್ಟು ಜಾಗವಿದೆಯೆಂದು ನಾನು ಲೆಕ್ಕ ಹಾಕಿದಾಗ 5,400 ಘನ ಅಡಿ ಬಂತು. ಒಂಬತ್ತನೇ ತರಗತಿಯ ಮಗ, ಮೇಲೆ ಚೂಪಾಗಿದ್ದರೆ ಮೂರರಿಂದ ಭಾಗಿಸಬೇಕೆಂದು ಹೇಳಿ 1,080 ಎನ್ನುತ್ತಾನೆ. ಯಾರದು ಸರಿ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಇಬ್ಬರದೂ ಸರಿಯಲ್ಲ, ಸರಿಯಾದ ಉತ್ತರ 3,240 ಘನ ಅಡಿ. ನಿಮ್ಮ ಅಟ್ಟವು ಮಗ್ಗುಲಾಗಿ ಮಲಗಿಸಿದ ತ್ರಿಭುಜ ಪಟ್ಟಕ. ಇದರ ಪಾದವೆಂದರೆ ನೀವು ನಡೆದಾಡುವ ಹಲಗೆಯ ನೆಲವಲ್ಲ, ಎರಡು ತುದಿಗಳಲ್ಲಿ ಕಾಣುವ ತ್ರಿಕೋನಾಕಾರದ ಗೋಡೆ; ಆ ತ್ರಿಭುಜದ ವಿಸ್ತೀರ್ಣವನ್ನು ಅಟ್ಟದ ಉದ್ದದಿಂದ ಗುಣಿಸಿದರೆ ಘನಫಲ ದೊರೆಯುತ್ತದೆ.

ನೀವು ಪಕಾಸಿಯ 15 ಅಡಿಯನ್ನೇ ತ್ರಿಭುಜದ ಎತ್ತರವೆಂದು ಹಿಡಿದಿದ್ದೀರಿ. ಎತ್ತರವೆಂದರೆ ನೆತ್ತಿಯಿಂದ ತೂಗುಗುಂಡು ಇಳಿಬಿಟ್ಟಾಗ ನೆಲ ಮುಟ್ಟುವ ದಾರದ ಉದ್ದ. ಆ ದಾರ 24 ಅಡಿಯ ಅಗಲವನ್ನು ಎರಡು ಸಮಭಾಗ ಮಾಡುವುದರಿಂದ, 12 ಅಡಿ ಮತ್ತು 15 ಅಡಿ ಇರುವ ಲಂಬಕೋನ ತ್ರಿಭುಜದಲ್ಲಿ ಉಳಿದ ಬಾಹು, 225ರಿಂದ 144 ಕಳೆದ 81ರ ವರ್ಗಮೂಲ, ಅಂದರೆ 9 ಅಡಿ. ವಿಸ್ತೀರ್ಣವು 24 ಮತ್ತು 9ರ ಗುಣಲಬ್ಧದ ಅರ್ಧ, 108 ಚದರ ಅಡಿ. ಅದನ್ನು 30ರಿಂದ ಗುಣಿಸಿದರೆ 3,240.

ನಿಮ್ಮ ಮಗ 9 ಅಡಿಯನ್ನು ಸರಿಯಾಗಿಯೇ ಕಂಡುಹಿಡಿದಿದ್ದಾನೆ. ಶಂಕುವಿನ ಸೂತ್ರವನ್ನು ಇಲ್ಲಿಗೆ ತಂದದ್ದಷ್ಟೇ ತಪ್ಪು. ಮೂರನೇ ಒಂದು ಭಾಗ ಬರುವುದು ಆಕೃತಿ ಒಂದು ಬಿಂದುವಿಗೆ ಚೂಪಾದಾಗ. ನಿಮ್ಮ ಮಾಡು ಕೂಡುವುದು 30 ಅಡಿ ಉದ್ದದ ಗೆರೆಯಲ್ಲಿ. ಈ ವಿಷಯದಲ್ಲಿ ಎಡವಿದವರಲ್ಲಿ ಅವನು ಮೊದಲಿಗನೇನೂ ಅಲ್ಲ: ಕ್ರಿ.ಶ. 499ರ ಆರ್ಯಭಟೀಯವು ತ್ರಿಭುಜ ಪಾದದ ಗೋಪುರಾಕೃತಿಗೆ ಪಾದದ ವಿಸ್ತೀರ್ಣ ಮತ್ತು ಎತ್ತರದ ಗುಣಲಬ್ಧದ ಅರ್ಧವನ್ನು ಹೇಳುತ್ತದೆ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯ ಎರಡನ್ನೂ ಬೇರ್ಪಡಿಸುತ್ತಾನೆ: ಸಮನಾಗಿ ತೋಡಿದ ಗುಂಡಿಗೆ ಕ್ಷೇತ್ರಫಲವನ್ನು ಆಳದಿಂದ ಗುಣಿಸಬೇಕು, ಸೂಜಿಯಂತೆ ಚೂಪಾದ ಗುಂಡಿಗೆ ಅದರ ಮೂರನೇ ಒಂದು ಭಾಗ.

ಅಂದಹಾಗೆ, ಪಕ್ಕದ ಮನೆಯ ಮಾಡು ನಾಲ್ಕೂ ಕಡೆಗೆ ಒಂದೇ ಇಳಿಜಾರಿನಲ್ಲಿ ಇಳಿದಿದ್ದರೆ ನಿಮ್ಮ ಮಗನ ಮೂರನೇ ಒಂದು ಭಾಗಕ್ಕೂ ಅಲ್ಲಿ ಕೆಲಸವಿದೆ. ಅಳತೆ ಇದೇ ಆಗಿದ್ದರೆ ಅದರ ನೆತ್ತಿ 6 ಅಡಿಯಷ್ಟೇ ಉಳಿಯುತ್ತದೆ. ನಡುವಿನ ಪಟ್ಟಕ 108ರ ಆರು ಪಟ್ಟು, ಅಂದರೆ 648 ಘನ ಅಡಿ. ಎರಡು ತುದಿಗಳನ್ನು ಒಟ್ಟಿಗೆ ಜೋಡಿಸಿದರೆ 24 ಅಡಿ ಚೌಕದ ಮೇಲೆ 9 ಅಡಿ ಎತ್ತರದ ಪಿರಮಿಡ್ ಆಗಿ, ಅದರ ಘನಫಲ 1,728 ಆಗುತ್ತದೆ. ಒಟ್ಟು 2,376 ಘನ ಅಡಿ.

ಇನ್ನು ಚೀಲಗಳ ವಿಷಯ. ಸೂರಿನ ಕಡೆಯ ಇಕ್ಕಟ್ಟಿನಲ್ಲಿ ಚೀಲ ಕೂರುವುದಿಲ್ಲ. ತ್ರಿಭುಜದೊಳಗೆ ಹಿಡಿಸುವ ಅತಿ ದೊಡ್ಡ ಆಯತ ಅದರ ಅರ್ಧದಷ್ಟೇ ಇರುತ್ತದೆ. ಆದ್ದರಿಂದ 12 ಅಡಿ ಅಗಲಕ್ಕೆ ನಾಲ್ಕೂವರೆ ಅಡಿ ಎತ್ತರದ ಒಂದೇ ಸಾಲು ಒಟ್ಟಿದರೆ 1,620 ಘನ ಅಡಿ ಬಳಕೆಗೆ ಸಿಗುತ್ತದೆ. ಓಡಾಡಲು ಬಿಡುವ ದಾರಿಯನ್ನು ಅದರಿಂದಲೇ ಕಳೆಯಬೇಕು.