ಪ್ರಶಸ್ತಿ ಪಟ್ಟಿ ಸಾಕು, ಕೆಲಸ ತೋರಿಸಿ

ಮೂಡಿಗೆರೆಯ ಗೆಳೆಯರಿಗೆ,

ನಮಸ್ಕಾರ. ಟಿಮ್ ಬರ್ನರ್ಸ್-ಲೀ ಬಗ್ಗೆ ನೀವು ಕಳಿಸಿದ ‘ಜಗವ ಬೆಸೆದ ಜಾದೂಗಾರ’ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತಪ್ಪಿನ ಮಾತು. ‘ಇಂಟರ್ನೆಟ್ ಕಂಡುಹಿಡಿದ ಮಹನೀಯ’ ಎಂದು ಶುರು ಮಾಡಿದ್ದೀರಿ. ಅಲ್ಲ. ಇಂಟರ್ನೆಟ್ ಅವರಿಗಿಂತ ಮೊದಲೇ ಇತ್ತು. ಅದು ಕಂಪ್ಯೂಟರ್‌ಗಳನ್ನು ಜೋಡಿಸುವ ಜಾಲ. ಆ ಜಾಲದ ಮೇಲೆ ಪುಟ, ಪುಟಕ್ಕೊಂದು ವಿಳಾಸ, ಪುಟದಿಂದ ಪುಟಕ್ಕೆ ಕೊಂಡಿ, ಈ ಏರ್ಪಾಡು ಅವರದು. ಅದೇ ವೆಬ್. ಸೈಬರ್ ಸೆಂಟರ್ ನಡೆಸುವ ನೀವೇ ಹೀಗೆ ಬರೆದರೆ ಹೇಗೆ ಹೇಳಿ?

1955ರಲ್ಲಿ ಲಂಡನ್‌ನಲ್ಲಿ ಹುಟ್ಟಿದ್ದು, ಆಕ್ಸ್‌ಫರ್ಡ್‌ನ ಓದು, 2004ರ ‘ಸರ್’ ಪದವಿ, ಕಂಪ್ಯೂಟರ್ ವಿಜ್ಞಾನಕ್ಕೆ ಕೊಡುವ 2016ರ ಟ್ಯೂರಿಂಗ್ ಪ್ರಶಸ್ತಿ, ಎಲ್ಲ ಸರಿಯಾಗಿದೆ. ಆದರೆ ಸನ್ಮಾನ ಪತ್ರ ಓದಿದ ಹಾಗಾಯಿತು. ಆ ಮನುಷ್ಯನಿಗೆ ಇದ್ದ ತೊಂದರೆ ಏನು? ಅದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಜಿನೀವಾ ಪಕ್ಕದ ಸರ್ನ್ ಎಂಬ ಭೌತವಿಜ್ಞಾನ ಪ್ರಯೋಗಾಲಯಕ್ಕೆ ಸಾವಿರಾರು ಜನ ಬರುತ್ತಿದ್ದರು, ಒಂದೆರಡು ವರ್ಷ ಇದ್ದು ಹೊರಡುತ್ತಿದ್ದರು. ಅವರಿಗೆ ಗೊತ್ತಿದ್ದ ವಿಷಯವೂ ಅವರ ಹಿಂದೆಯೇ ಹೋಗುತ್ತಿತ್ತು. ಉಳಿದದ್ದು ಒಂದಕ್ಕೊಂದು ಹೊಂದದ ಕಂಪ್ಯೂಟರ್‌ಗಳಲ್ಲಿ ಚದುರಿ ಹೋಗಿರುತ್ತಿತ್ತು. ಇದಕ್ಕೊಂದು ದಾರಿ ಹುಡುಕಿ, ಅಲ್ಲೇ ಕೆಲಸದಲ್ಲಿದ್ದ ಬರ್ನರ್ಸ್-ಲೀ 1989ರ ಮಾರ್ಚ್‌ನಲ್ಲಿ ಪ್ರಸ್ತಾವ ಕೊಟ್ಟರು. ಅವರ ಮೇಲಧಿಕಾರಿ ಮೈಕ್ ಸೆಂಡಾಲ್ ಅದರ ಮೇಲೆ ‘ಅಸ್ಪಷ್ಟ, ಆದರೆ ಕುತೂಹಲ ಹುಟ್ಟಿಸುತ್ತದೆ’ ಎಂದು ಗೀಚಿದರು. ತಕ್ಷಣ ಮಂಜೂರಾತಿಯೇನೂ ಸಿಗಲಿಲ್ಲ. 1990ರಲ್ಲಿ ನೆಕ್ಸ್ಟ್ ಎಂಬ ಕಂಪನಿಯ ಕಂಪ್ಯೂಟರ್ ಬಂತು. ವರ್ಷದ ಕೊನೆಗೆ ಅದರಲ್ಲೇ ಪುಟ ತೋರಿಸುವ ಮೊದಲ ಬ್ರೌಸರ್, ಕೇಳಿದವರಿಗೆ ಪುಟ ಕಳಿಸುವ ಮೊದಲ ಸರ್ವರ್ ಎರಡೂ ಓಡುತ್ತಿದ್ದವು. ಆ ಪೆಟ್ಟಿಗೆಗೆ ಒಂದು ಚೀಟಿ ಅಂಟಿಸಿದ್ದರು. ಕೆಂಪು ಶಾಯಿ, ಕೈಬರಹ: ‘ಈ ಯಂತ್ರ ಸರ್ವರ್. ಆಫ್ ಮಾಡಬೇಡಿ!!’ ಯಾರಾದರೂ ಸುಮ್ನೆ ಸ್ವಿಚ್ ಒತ್ತಿದ್ದರೆ ಇಡೀ ವೆಬ್ ಬಂದ್! ಮಳೆಗಾಲದಲ್ಲಿ ಕರೆಂಟ್ ಹೋಗಿ, ಪಹಣಿ ತೆಗೆಸಲು ಬಂದವರು ಅಂಗಡಿ ಮುಂದೆ ಕಾಯುವುದನ್ನು ನಿಮ್ಮ ಪತ್ರದಲ್ಲಿ ಬರೆದಿದ್ದೀರಲ್ಲ, ಆ ಕೈ ಈ ಚೀಟಿಯನ್ನು ಬಿಟ್ಟಿದ್ದು ನನಗೆ ಆಶ್ಚರ್ಯ.

ಇನ್ನು ‘ಬೇಲೂರಿನ ಶಿಲ್ಪಿಯಂತೆ ಒಬ್ಬನೇ ಕೆತ್ತಿದ’ ಅನ್ನುವ ಸಾಲು. ಬೇಲೂರಿಗೆ ಹೋದಾಗ ವಿಗ್ರಹಗಳ ಪೀಠ ನೋಡಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ ಹೆಸರುಗಳೇ ಕೊರೆದಿವೆ. ಅಲ್ಲಿ ಒಬ್ಬನೇ ಕೆತ್ತಿಲ್ಲ. ಇಲ್ಲೂ ಅಷ್ಟೇ. ಪ್ರಸ್ತಾವವನ್ನು ತಿದ್ದಿ, ಒಳಗಿನವರನ್ನು ಒಪ್ಪಿಸಲು ಓಡಾಡಿದವರು ಸಹೋದ್ಯೋಗಿ ರಾಬರ್ಟ್ ಕೈಯೋ. ಬರ್ನರ್ಸ್-ಲೀ ಬರೆದ ಬ್ರೌಸರ್ ನೆಕ್ಸ್ಟ್‌ನಲ್ಲಿ ಮಾತ್ರ ಓಡುತ್ತಿತ್ತು, ಆ ಯಂತ್ರ ಎಷ್ಟು ಜನರ ಬಳಿ ಇತ್ತು? ಆಗ ನಿಕೋಲಾ ಪೆಲ್ಲೋ ಎಂಬ ವಿದ್ಯಾರ್ಥಿನಿ ಬೇರೆ ಕಂಪ್ಯೂಟರ್‌ಗಳಲ್ಲೂ ಓಡುವ ಸರಳ ಬ್ರೌಸರ್ ಬರೆದಳು. ಬರೀ ಅಕ್ಷರ, ಮೌಸ್ ಬೇಡ. ಕೊಂಡಿಗೊಂದು ನಂಬರ್, ಆ ನಂಬರ್ ಒತ್ತಿದರೆ ಮುಂದಿನ ಪುಟ. ಸರ್ನ್‌ನವರಿಗೆ ವೆಬ್ ರುಚಿ ಹತ್ತಿಸಿದ್ದು ಯಾವುದು ಗೊತ್ತಾ? ವೆಬ್ ಮೂಲಕ ಸಿಗುವಂತಾದ ಅವರದೇ ಟೆಲಿಫೋನ್ ಡೈರೆಕ್ಟರಿ! ಇವರನ್ನೆಲ್ಲ ಲೇಖನದೊಳಗೆ ಕರೆಯಿರಿ.

1993 ಅನ್ನು ಒಂದು ಸಾಲಿನಲ್ಲಿ ದಾಟಿಸಿದ್ದೀರಿ. ನನಗಂತೂ ಕಥೆಯ ತಿರುವು ಅದೇ. ಆಗ ಇಂಟರ್ನೆಟ್ ಮೇಲೆ ಮಾಹಿತಿ ಹುಡುಕಿ ಓದಲು ಗೋಫರ್ ಎಂಬ ಇನ್ನೊಂದು ವ್ಯವಸ್ಥೆ ಜಾಸ್ತಿ ಬಳಕೆಯಲ್ಲಿತ್ತು. ಅದನ್ನು ಮಾಡಿದ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯ ಕೆಲವು ಬಳಕೆಗೆ ಶುಲ್ಕ ಕೇಳುವುದಾಗಿ ಹೇಳಿತು. ಜನ ಹಿಂಜರಿದರು. ಏಪ್ರಿಲ್ 30ರಂದು ಸರ್ನ್ ವೆಬ್‌ನ ಪ್ರೋಗ್ರಾಂಗಳನ್ನು ಯಾರು ಬೇಕಾದರೂ ಬಳಸಿ ಎಂದು ಬಿಟ್ಟುಕೊಟ್ಟಿತು. ಬರ್ನರ್ಸ್-ಲೀ ಹಟ ಹಿಡಿದು ಕೇಳಿದ್ದೂ ಇದನ್ನೇ. ಇಲ್ಲಿ ಎರಡು ಪ್ಯಾರಾ ನಿಲ್ಲಿ.

‘ಮಲೆನಾಡಿನ ಮಕ್ಕಳಿಗೆ ಇವರ ಬದುಕು ದಾರಿದೀಪವಾಗಲಿ’ ಎಂಬ ಕೊನೆಯ ಪ್ಯಾರಾ ಪೂರ್ತಿ ಹೊಡೆದು ಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ತಿದ್ದಿದ ಮೇಲೆ ಹಾಸನದ ನಮ್ಮ ಕಚೇರಿಗೆ ಮೇಲ್ ಮಾಡಿ. ಯೂನಿಕೋಡ್‌ನಲ್ಲೇ ಇರಲಿ. ಹೋದ ಸಲ ಹಳೇ ಫಾಂಟ್‌ನಲ್ಲಿ ಕಳಿಸಿದ್ದಿರಿ, ಇಲ್ಲಿ ತೆರೆದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ.

ಇಂತಿ,
ಸಂಪಾದಕ