90 ನಿಮಿಷದ ತರಗತಿಗೆ ಎರಡು ದಿನದ ತರಬೇತಿ ಸಾಕೇ?

ಮುಂದಿನ ವರ್ಷದಿಂದ ನಿಮ್ಮ ಪ್ರೌಢಶಾಲೆಯಲ್ಲಿ 50 ನಿಮಿಷದ ಪೀರಿಯಡ್‌ಗಳ ಬದಲು 90 ನಿಮಿಷದ ಬ್ಲಾಕ್ ವೇಳಾಪಟ್ಟಿ ಬರಲಿದೆಯೆಂದೂ, ಶಿಕ್ಷಕರಿಗೆ ಎರಡು ದಿನದ ತರಬೇತಿ ಸಾಕಾಗುವುದೇ ಎಂದೂ ಕೇಳಿದ್ದೀರಿ. ಇಂಥ ಬದಲಾವಣೆಯನ್ನು ಮೊದಲು ಶಿಕ್ಷಕನಾಗಿ, ಆಮೇಲೆ ತರಬೇತುದಾರನಾಗಿ ಕಂಡವನು ನಾನು. ಆ ಎರಡು ದಿನಗಳು ಒಟ್ಟಿಗೆ, ಶಾಲೆ ತೆರೆಯುವ ಮುನ್ನವೇ ಮುಗಿದುಹೋಗುವುದಾದರೆ ಖಂಡಿತ ಸಾಲದು.

ಮೊದಲು ಲೆಕ್ಕ ನೋಡಿ. 180 ದಿನಗಳ ವರ್ಷದಲ್ಲಿ ದಿನಕ್ಕೆ 50 ನಿಮಿಷವೆಂದರೆ ಒಂದು ವಿಷಯಕ್ಕೆ 9,000 ನಿಮಿಷ ಸಿಗುತ್ತದೆ. ಅದನ್ನೇ ಒಂದು ಸೆಮಿಸ್ಟರಿನ 90 ದಿನಗಳಲ್ಲಿ 90 ನಿಮಿಷದಂತೆ ಕಲಿಸಿದರೆ ಸಿಗುವುದು 8,100, ಅಂದರೆ 135 ಗಂಟೆ. ಒಂದು ವಿಷಯಕ್ಕೆ ವರ್ಷದಲ್ಲಿ ಎಷ್ಟು ಗಂಟೆ ತರಗತಿ ನಡೆಯಬೇಕೆಂದು ಹೇಳುವ, ಅಮೆರಿಕದಲ್ಲಿ 1906ರಿಂದ ಬಳಕೆಗೆ ಬಂದ ಕಾರ್ನೆಗಿ ಯೂನಿಟ್ಟಿನ 120 ಗಂಟೆಗಳ ಅಳತೆಗೆ ಇದು ಧಾರಾಳವಾಗಿ ಸಾಕು. ಆದರೆ ಹಳೆಯ ಪಾಠಯೋಜನೆಯ 18 ಪೀರಿಯಡ್‌ಗಳು ಇಲ್ಲವಾಗುತ್ತವೆ. ಹಾಜರಿ ತೆಗೆದುಕೊಳ್ಳುವುದು, ತರಗತಿ ಶಾಂತವಾಗುವುದು ಅರ್ಧದಷ್ಟು ಬಾರಿ ಮಾತ್ರ ನಡೆಯುವುದರಿಂದ ಸ್ವಲ್ಪ ಸಮಯ ಮರಳಿ ಸಿಗುತ್ತದೆಯಾದರೂ, ಯಾವ ಅಧ್ಯಾಯವನ್ನು ಮೊಟಕುಗೊಳಿಸಬೇಕೆಂಬುದನ್ನು ಒಂದೇ ವಿಷಯದ ಶಿಕ್ಷಕರೆಲ್ಲ ಕುಳಿತು ಮೊದಲೇ ನಿರ್ಧರಿಸಬೇಕು. ಇಲ್ಲವಾದರೆ ಕೊನೆಯ ಅಧ್ಯಾಯಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಮೊದಲ ತಿಂಗಳು ನಾನು 50 ನಿಮಿಷ ಉಪನ್ಯಾಸ ಮಾಡಿ, ಉಳಿದ ಹೊತ್ತಿನಲ್ಲಿ ಹೋಂವರ್ಕ್ ಮಾಡಿಕೊಳ್ಳಿ ಎನ್ನುತ್ತಿದ್ದೆ. ಮಕ್ಕಳು ಕಾಲು ಗಂಟೆಯಲ್ಲಿ ಮುಗಿಸಿ ಗಡಿಯಾರ ನೋಡುತ್ತಿದ್ದರು. ಹದಿನೈದಿಪ್ಪತ್ತು ನಿಮಿಷದ ವಿವರಣೆ, ಅದನ್ನು ಬಳಸಿ ಮಾಡುವ ಕೆಲಸ, ತಪ್ಪುಗಳ ಚರ್ಚೆ, ಮತ್ತೆ ಹೊಸ ವಿವರಣೆ ಎಂದು ತರಗತಿಯನ್ನು ಒಡೆದುಕೊಂಡ ಮೇಲೆ ದಾರಿ ಸಿಕ್ಕಿತು. ಪ್ರಯೋಗ ಮಾಡಿ, ಬಂದ ಫಲಿತಾಂಶವನ್ನು ಅದೇ ದಿನ ಚರ್ಚಿಸುವುದು ಚಿಕ್ಕ ಪೀರಿಯಡ್‌ನಲ್ಲಿ ಕಷ್ಟ. 1971ರಲ್ಲಿ ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ರೂಪಿಸಿದ ಜಿಗ್‌ಸಾ ವಿಧಾನವೂ ಹಾಗೆಯೇ: ಪಾಠದ ಒಂದೊಂದು ಭಾಗವನ್ನು ಒಬ್ಬೊಬ್ಬರು ಕಲಿತು ಗುಂಪಿನ ಉಳಿದವರಿಗೆ ಕಲಿಸುವಷ್ಟರಲ್ಲಿ ಗಂಟೆ ಬಾರಿಸಿಬಿಡುತ್ತದೆ.

ನಿಮ್ಮದು ದಿನ ಬಿಟ್ಟು ದಿನ ನಡೆಯುವ ವೇಳಾಪಟ್ಟಿಯಾದರೆ ಚಿಂತೆ ಬೇರೆ. ಶುಕ್ರವಾರದ ಪಾಠದ ಮುಂದಿನ ಭಾಗ ಮಂಗಳವಾರಕ್ಕೆ ಹೋಗುತ್ತದೆ. ಆದ್ದರಿಂದ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿ, ಹಿಂದಿನದನ್ನು ನೆನಪಿನಿಂದ ಬರೆಸುವುದನ್ನು ರೂಢಿ ಮಾಡಿಸಿ. ಸೆಮಿಸ್ಟರ್ ಮಾದರಿಯಲ್ಲಾದರೋ ಗಣಿತ, ಭಾಷೆಗಳಂಥ ವಿಷಯಗಳಲ್ಲಿ ಒಂದು ಹಂತ ಮುಗಿದು ಮುಂದಿನದು ಶುರುವಾಗುವ ನಡುವೆ ಒಂದು ವರ್ಷದಷ್ಟು ಅಂತರ ಬೀಳಬಹುದು, ಮತ್ತು ಒಂದು ದಿನ ಗೈರಾದವನು ಹೆಚ್ಚುಕಡಿಮೆ ಎರಡು ದಿನದ ಪಾಠ ಕಳೆದುಕೊಳ್ಳುತ್ತಾನೆ.

ಉಪನ್ಯಾಸ ಕಡಿಮೆ ಮಾಡಿ ಎಂದು ಮೂರು ಗಂಟೆ ಉಪನ್ಯಾಸ ಕೊಟ್ಟ ತರಬೇತಿಯಲ್ಲಿ ನಾನೂ ಕುಳಿತಿದ್ದೇನೆ. ಅದರ ಬದಲು ಶಿಕ್ಷಕರನ್ನೇ ವಿದ್ಯಾರ್ಥಿಗಳಾಗಿ ಕೂರಿಸಿ 90 ನಿಮಿಷದ ನಿಜವಾದ ಪಾಠವೊಂದನ್ನು ಮಾಡಿ. ಎಲ್ಲಿ ಬೇಸರವಾಯಿತೆಂದು ಅವರೇ ಹೇಳಲಿ. ಆಮೇಲೆ ಎರಡು ವಾರದ ಪಾಠಯೋಜನೆಯನ್ನು ಅಲ್ಲೇ ಬರೆಯಿಸಿ. ಆಡಳಿತದವರು ಎರಡು ದಿನಕ್ಕಿಂತ ಹೆಚ್ಚು ಕೊಡಲಾರೆವೆಂದರೆ ಒಂದನ್ನು ಮಾತ್ರ ರಜೆಯಲ್ಲಿ ಬಳಸಿ. ಇನ್ನೊಂದನ್ನು ಆರನೆಯ ವಾರಕ್ಕೆ ಉಳಿಸಿಕೊಳ್ಳಿ. ಶಿಕ್ಷಕರ ಕೈಯಲ್ಲಿ ನಿಜವಾದ ಪ್ರಶ್ನೆಗಳಿರುವುದು ಆಗಲೇ.